ಹನುಮಂತರಾಯಪ್ಪ ಮೇಷ್ಟ್ರ ಸ್ಟೇರು

ಹನುಮಂತರಾಯಪ್ಪ ಮೇಷ್ಟ್ರು ಆ ಊರಿಗೆ ಕಾಲಿಟ್ಟ ದಿನವೇ ತಲೆಯನ್ನೂ ಇಟ್ಟರು. ಕಾಲಿಟ್ಟದ್ದು ಕೋನಪ್ಪನ ಮನೆಯ ಜಗಲಿಯ ಮೇಲೆ. ತಲೆ ಇಟ್ಟದ್ದು ಅವನ ರೇಷ್ಮೆ ಹುಳದ ತಟ್ಟೆಯೊಳಗೆ.

ಐವತ್ತೇಳನೆಯ ಇಸವಿಯ ಕಾರ್ತಿಕ ಮಾಸ. ಚಿಂತಾಮಣಿಯಿಂದ ವರ್ಗವಾಗಿ ಬಂದ ಮೇಷ್ಟ್ರಿಗೆ ಕೋನಪ್ಪನ ಮನೆಯ ಮುಂದಿನ ಕೋಣೆ ಬಾಡಿಗೆಗೆ ಗೊತ್ತಾಗಿತ್ತು. ಊಟವೂ ಅಲ್ಲೇ ಎಂದು ಮಾತಾಗಿತ್ತು. ಹಾಸಿಗೆ ಸುರುಳಿ ಇಳಿಸಿ ಬೆವರು ಒರೆಸಿಕೊಳ್ಳುವಾಗ, ಒಳಗೆ ಮುಚ್ಚಿದ್ದ ಒಂದು ಬಾಗಿಲ ಹಿಂದೆ ಮಳೆ ಸುರಿಯುವ ಸದ್ದು ಕೇಳಿಸಿತು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಜಡಿಮಳೆ! ಮೇಷ್ಟ್ರು ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಕಡೆಯವರು. ರಾಗಿ, ಕಡಲೆಕಾಯಿ ಬೆಳೆಯುವ ಮನೆತನ. ದೊಡ್ಡ ಹುಳಗಳು ಸೊಪ್ಪು ಮೇಯುವಾಗ ಮಳೆ ಹೊಯ್ದ ಹಾಗೆ ಕೇಳಿಸುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಸಂದಿಗೆ ಒಂದು ಕಣ್ಣಿಟ್ಟರು. ಕಣ್ಣು ಸಾಲದೆ ಹಣೆಯನ್ನೂ ಒತ್ತಿದರು. ಅದೇ ಗಳಿಗೆಗೆ ಒಳಗಿನಿಂದ ಕೋನಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಬಾಗಿಲು ಎಳೆದಳು.

ಮೇಷ್ಟ್ರು ಹಾಗೇ ಮುಗ್ಗರಿಸಿ ಒಳಗೆ ಬಿದ್ದರು. ಎದ್ದಾಗ ಮೀಸೆಯ ಮೇಲೆ ಒಂದು ಹುಳ ಇನ್ನೂ ಸೊಪ್ಪು ಹುಡುಕುತ್ತಿತ್ತು.

"ಯಾರೋ ನೀನು?"

"ನಾನು ಇಂಗ್ಲಿಷ್ ಮೇಷ್ಟ್ರು."

"ಇಂಗ್ಲಿಷ್ ಮೇಷ್ಟ್ರಾದ್ರೆ ಸ್ಕೂಲಿಗೆ ಹೋಗಿ ಬೀಳಪ್ಪ! ನನ್ನ ಹುಳದ ಮನೇಗೆ ಯಾಕೆ ಬಿದ್ದೆ?"

ಹುಳದ ಮನೆ ಎಂದರೆ ಆ ಸೀಮೆಯಲ್ಲಿ ಬಾಣಂತಿ ಕೋಣೆಗಿಂತ ಹೆಚ್ಚು ಮಡಿ. ಹೊರಗಿನವರು ಒಳಗೆ ಹೋಗುವ ಹಾಗಿಲ್ಲ, ಇಣುಕುವ ಹಾಗಿಲ್ಲ, ಎಷ್ಟು ತಟ್ಟೆ ಇದೆ ಎಂದು ಕೇಳುವ ಹಾಗೂ ಇಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿರುತ್ತಾರೆ, ಪಕ್ಕದಲ್ಲಿ ಒಂದು ಹಳೇ ಚಪ್ಪಲಿ ನೇತುಹಾಕಿರುತ್ತಾರೆ. ಇಷ್ಟಾದರೂ ಕಣ್ಣು ಬಿದ್ದರೆ ಗೂಡು ಕಟ್ಟಬೇಕಾದ ಹುಳ ಕಣ್ಣು ಮುಚ್ಚುತ್ತದೆ ಎಂದು ನಂಬಿಕೆ. ಅಂಥ ಕಡೆ ಕಣ್ಣಷ್ಟೇ ಅಲ್ಲ, ಕಣ್ಣಿನ ಹಿಂದಿದ್ದ ಪೂರ್ತಿ ಮನುಷ್ಯನೇ ಬಿದ್ದಿದ್ದ.

ಒಂದು ಮಾತು "ತಪ್ಪಾಯ್ತಮ್ಮ" ಎಂದಿದ್ದರೆ ಏನಾಗುತ್ತಿತ್ತೋ. ಮೇಷ್ಟ್ರು ಅನ್ನಲಿಲ್ಲ. ಅವರ ಬಳಿ ಒಂದು ಭಾರೀ ಇಂಗ್ಲಿಷ್ ನಿಘಂಟಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿಯಿಂದ ತಂದದ್ದು. ಅದರ ಎ ಮತ್ತು ಬಿ ಅಕ್ಷರಗಳನ್ನು ಗೆದ್ದಲು ಪೂರ್ತಿ ತಿಂದಿತ್ತು. ಹಾಗಾಗಿ ಅಪಾಲಜಿ ಎಂಬ ಪದ ಅಕ್ಷರಶಃ ಅವರ ನಿಘಂಟಿನಲ್ಲೇ ಇರಲಿಲ್ಲ.

ಅವರಿಗೆ ಆಗ ನಲವತ್ತರ ಹತ್ತಿರ. ತಂದೆ ನರಸಪ್ಪ ನಗರಗೆರೆಯಲ್ಲಿ ಜಮೀನಿದ್ದ ಗೌಡರು. ಗೌರಿಬಿದನೂರಿನಲ್ಲಿ ಓದಿದ ಮಗ ಇಂಟರ್‌ಮೀಡಿಯೆಟ್ಟಿನಲ್ಲಿ ಡುಮ್ಕಿ ಹೊಡೆದು ಮೇಷ್ಟ್ರಾದ. ಅಣ್ಣಂದಿರ ಜೊತೆ ಪಾಲಾದ ಮೇಲೆ ಮಾತು ನಿಂತಿತು. ಮದುವೆಯೂ ಆಗಲಿಲ್ಲ. ಒಂದು ಸಲ ಬಾಗೇಪಲ್ಲಿ ಕಡೆಗೆ ಹೆಣ್ಣು ನೋಡಲು ಹೋಗಿದ್ದರು. ನೋಡಿದರು. ನೋಡಿದರು. ನೋಡುತ್ತಲೇ ಇದ್ದರು. ಕೊನೆಗೆ ಹೆಣ್ಣಿನ ಅಜ್ಜಿ ಎದ್ದುಬಂದು ಲಾಟೀನು ಆರಿಸಿದಳು.

ಅವರ ಕಣ್ಣುಗಳ ಸಂಗತಿ ಹಾಗೆ. ದೊಡ್ಡವು, ಮುಂದೆ ಬಂದವು, ಮಿಟುಕುವುದರಲ್ಲಿ ಮಹಾ ಜಿಪುಣ. ಮಾತು ನಿಲ್ಲಿಸಿ ಎವೆಯಿಕ್ಕದೆ ನೋಡಿದರೆ ಗಲಾಟೆ ಮಾಡುವ ತರಗತಿ ತಣ್ಣಗಾಗುತ್ತದೆ ಎಂದು ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರಿಗೆ ಗೊತ್ತಾಗಿತ್ತು. ಅಲ್ಲಿಂದ ಬೆತ್ತ ಹಿಡಿಯಲಿಲ್ಲ. ಮಕ್ಕಳು ಬೆತ್ತವೇ ವಾಸಿ ಎನ್ನುತ್ತಿದ್ದರು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮನ್ನೇ ದುರುಗುಟ್ಟಿ ಸ್ಟೇರ್ ಮಾಡುತ್ತ "ಡೋಂಟ್ ಸ್ಟೇರ್" ಎಂದು ಹೇಳಿಕೊಡುತ್ತಿದ್ದರು. ಆ ವಿದ್ಯೆಯಲ್ಲಿ ಹನುಮಂತರಾಯಪ್ಪನವರು ಅವರಿಗೂ ಗುರುವಾಗಬಹುದಿತ್ತು.

ನೋಡುವುದು ಒಂದು ಚಟವಾದರೆ, ನೋಡುವ ಪದಗಳನ್ನು ಬಗೆಯುವುದು ಇನ್ನೊಂದು. ಚಿಂತಾಮಣಿ ಬಿಡಿಸಿದ್ದೂ ಅದೇ. ಅಲ್ಲಿನ ಶಾಲೆಯೊಂದರ ವರದಿಯಲ್ಲಿ "ನಮ್ಮ ಹೆಡ್ಮಾಸ್ಟರು ಇಡೀ ಶಾಲೆಯನ್ನು ಓವರ್‌ಲುಕ್ ಮಾಡುತ್ತಾರೆ" ಎಂದು ಬರೆದರು. ಮೇಲ್ವಿಚಾರಣೆ ಎಂದು ಅರ್ಥವೋ, ಕಂಡೂ ಕಾಣದಂತೆ ಇರುವುದು ಎಂದು ಅರ್ಥವೋ ಎಂದು ಹೆಡ್ಮಾಸ್ಟರು ಕೇಳಿದರು. "ಎರಡೂ ಇದೆ, ನಿಮಗೆ ಎರಡೂ ಒಪ್ಪುತ್ತೆ" ಎಂದರು ಮೇಷ್ಟ್ರು. ಅಲ್ಲಿಂದ ಎತ್ತಿ ಸಾದಲಿ ಹೋಬಳಿಯ ಈ ಊರಿಗೆ ಹಾಕಿದರು. ಊರಿನ ಹೆಸರು ಬೇಡ. ಅಲ್ಲಿಯವರ ಕೋಪ ಇನ್ನೂ ಇಳಿದಿಲ್ಲ.

ಮೇಷ್ಟ್ರು ತಟ್ಟೆಗೆ ಬಿದ್ದ ಮೂರು ನಾಲ್ಕು ದಿನಕ್ಕೆ ಏಳನೇ ಕ್ಲಾಸಿನಲ್ಲಿ ನೋಡುವ ಪದಗಳ ಪಾಠ. ನಿಘಂಟು ಮೇಜಿನ ಮೇಲೆ ಧಡ್ ಎಂದು ಕೂತಿತು.

"ನೋಡೋದು ಅಂದ್ರೆ ಎಲ್ಲ ಒಂದೇ ಅಲ್ಲ ಕಣ್ರಪ್ಪ. ಗ್ಲಾನ್ಸ್ ಅಂತ ಇದೆ. ಅದು ಹಳೇ ಫ್ರೆಂಚಿನ ಕಡೆಯದು, ಜಾರೋದು ಅನ್ನೋ ಅರ್ಥದಿಂದ ಬಂದಿದ್ದು. ಮೇಲೆ ಬಿದ್ದು ಹಾಗೇ ಜಾರಿ ಹೋಗೋ ನೋಟ. ಸ್ಟೇರ್ ಹಂಗಲ್ಲ, ಅದು ಜಾರಲ್ಲ. ಇಂಗ್ಲಿಷಿನ ಸ್ವಂತ ಮನೆ ಕೂಸು ಅದು. ಬೇರು ಹಿಡಿದು ಹೋದ್ರೆ ಏನು ಸಿಗುತ್ತೆ? ಬಿಗಿಯಾಗೋದು, ಸೆಟೆದುಕೊಳ್ಳೋದು. ಬಟ್ಟೆಗೆ ಹಾಕ್ತಾರಲ್ಲ ಗಂಜಿ, ಸ್ಟಾರ್ಚು, ಅದು ಇದರ ತಂಗಿ. ಹಾಕಿದ್ರೆ ಬಟ್ಟೆ ಸೆಟೆಯುತ್ತೆ. ಸ್ಟಾರ್ವ್ ಅಂದ್ರೆ ಈಗ ಹಸಿದು ಸಾಯೋದು. ಹಿಂದೆ ಬರೀ ಸಾಯೋದು ಅಂತಿತ್ತು, ಸೆಟೆದು ಬೀಳೋದು. ನೋಟ, ಗಂಜಿ, ಸಾವು, ಮೂರೂ ಒಂದೇ ಬೇರಿನವು. ಬರ್ಕೊಳ್ಳಿ."

ಮಕ್ಕಳು ಬರೆದುಕೊಂಡರು. ಕೋನಪ್ಪನ ಮಗಳು ಶಾಂತಕುಮಾರಿ ಗಟ್ಟಿ ಮಾಡಿಕೊಂಡೇ ಮನೆಗೆ ಹೋದಳು.

ಮನೆಯಲ್ಲಿ ತಾಯಿ ತಲೆ ಮೇಲೆ ಕೈ ಹೊತ್ತು ಕೂತಿದ್ದಳು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದ ಹುಳಗಳು ತಟ್ಟೆ ತಟ್ಟೆಯಲ್ಲೂ ಬೆಳ್ಳಗೆ, ಸೀಮೆಸುಣ್ಣದ ತುಂಡುಗಳ ಹಾಗೆ ಸೆಟೆದು ಬಿದ್ದಿದ್ದವು. ಇದಕ್ಕೆ ಸುಣ್ಣಕಟ್ಟು ರೋಗ ಎನ್ನುತ್ತಾರೆ. ಥಂಡಿಗೆ ಬರುವ ಬೂಷ್ಟಿನ ಕಾಯಿಲೆ. ಗಾಳಿ ಬೆಳಕು ಬಿಡಿ ಎಂದು ರೇಷ್ಮೆ ಇಲಾಖೆಯವರು ಆ ವರ್ಷ ಊರೂರು ಅಲೆದು ಹೇಳಿದ್ದರು. ಗಾಳಿ ಬಿಟ್ಟರೆ ಗಾಳಿಯ ಜೊತೆ ಕಣ್ಣೂ ಬರುತ್ತದೆ ಎಂದು ಊರವರು ಕಿಟಕಿಗೆ ಗೋಣಿ ಬಡಿದಿದ್ದರು.

"ಅಮ್ಮಾ," ಎಂದಳು ಶಾಂತಕುಮಾರಿ ತಟ್ಟೆ ನೋಡಿ, "ಇದೇ ಕಣಮ್ಮ ಇವತ್ತು ಪಾಠ ಆಗಿದ್ದು. ಸ್ಟೇರ್ ಅಂದ್ರೆ ನೋಡೋದು. ನೋಡಿದ್ರೆ ಸೆಟೆದು ಬೀಳೋದು. ಮೇಷ್ಟ್ರೇ ಹೇಳಿದ್ರು."

"ಅವನೇ ಹೇಳಿದ್ನಾ? ಅವನ ಬಾಯಲ್ಲೇ?"

"ಪುಸ್ತಕದಲ್ಲೂ ಇದೆಯಂತೆ."

ಚಿಕ್ಕವೆಂಕಟಮ್ಮ ತಟ್ಟೆಯನ್ನು ಸೊಂಟಕ್ಕಿಟ್ಟುಕೊಂಡು ಸ್ಕೂಲಿಗೆ ನಡೆದಳು. ಹಿಂದೆ ಅರ್ಧ ಊರು.

"ಈಚೆಗೆ ಬಾರಯ್ಯ ಮೇಷ್ಟ್ರೇ! ನಿನ್ನ ಪಾಠ ತಂದಿದೀನಿ, ನೋಡ್ಕೋ. ಬ್ಯಾಡ, ನೀನು ನೋಡ್ಬ್ಯಾಡ! ಆ ಕಡೆ ತಿರುಗ್ಕೊಂಡು ಮಾತಾಡು!"

"ಇದು ರೋಗ ಕಣಮ್ಮ. ಶಿಲೀಂಧ್ರದಿಂದ ಬರುತ್ತೆ."

"ಯಾವ ಇಂದ್ರ?"

"ಶಿಲೀಂಧ್ರ. ಬೂಷ್ಟು."

"ಇಂದ್ರ ಚಂದ್ರರ ಮೇಲೆ ಹಾಕ್ಬ್ಯಾಡಯ್ಯ. ಬಾಗಿಲ ಸಂದೀಲಿ ಕಣ್ಣಿಟ್ಟೋನು ಇಂದ್ರನಾ, ನೀನಾ? ನೋಡಿದ್ರೆ ಸೆಟೀತದೆ ಅಂತ ಮಕ್ಕಳಿಗೆ ಹೇಳ್ಕೊಟ್ಟೋನು ಯಾರು?"

"ಅದು ಪದದ ಮೂಲ! ಸಾವಿರ ವರ್ಷದ ಹಿಂದಿನದು!"

"ಸಾವಿರ ವರ್ಷದಿಂದ ಇದೇ ಕಸುಬಾ ನಿಂದು!"

ಊರಿನ ದೊಡ್ಡ ಮನುಷ್ಯ, ಸ್ಕೂಲು ಕಮಿಟಿಯ ಅಧ್ಯಕ್ಷ ರಾಮಾಂಜಿನಪ್ಪನವರು ಗದ್ದಲ ಬಿಡಿಸಲು ಬಂದರು. "ಮೇಷ್ಟ್ರೇ, ಒಂದು ಮಾತು ತಪ್ಪಾಯ್ತು ಅಂದ್ಬಿಡಿ, ಹೋಗಣ ಮನೆಗೆ" ಎಂದರು. ಮೇಷ್ಟ್ರು ರಾಮಾಂಜಿನಪ್ಪನವರನ್ನೇ ಎವೆಯಿಕ್ಕದೆ ನೋಡಿದರು. ಅಧ್ಯಕ್ಷರು ಟವೆಲಿನಿಂದ ಮುಖ ಮುಚ್ಚಿಕೊಂಡು ಹಿಂದಕ್ಕೆ ಸರಿದರು. ಸಂಜೆಯೊಳಗೆ ಮೇಷ್ಟ್ರ ಹಾಸಿಗೆ ಸುರುಳಿ ಬೀದಿಗೆ ಬಿತ್ತು. ಊಟದ ಮಾತೂ ಅದರ ಹಿಂದೆಯೇ ಬಿತ್ತು. ಬೇರೆ ಯಾರೂ ಮನೆ ಕೊಡಲಿಲ್ಲ. ಸ್ಕೂಲಿನ ಹಿಂಬದಿಗೆ ಮುರಿದ ಬೆಂಚುಗಳನ್ನು ತುಂಬುತ್ತಿದ್ದ ಒಂದು ಕೋಣೆ ಇತ್ತು. ಮುರಿದ ಬೆಂಚುಗಳ ಪಕ್ಕದಲ್ಲಿ ಮುರಿಯದ ಮೇಷ್ಟ್ರು ಬಿಡಾರ ಹೂಡಿದರು.

ಅವತ್ತಿನಿಂದ ಊರಿಗೆ ಒಂದೇ ಯೋಚನೆ: ಈ ಕಣ್ಣನ್ನು ಇಲ್ಲಿಂದ ತೊಲಗಿಸುವುದು ಹೇಗೆ. ಮೇಷ್ಟ್ರಿಗೂ ಒಂದೇ: ಸತ್ತರೂ ತೊಲಗಬಾರದು.

ಅವರು ಬೀದಿಗೆ ಬಂದರೆ ತಾಯಂದಿರು ಕೂಸುಗಳ ಮುಖಕ್ಕೆ ಸೆರಗು ಮುಚ್ಚುತ್ತಿದ್ದರು. ಅವರು ದಾಟಿದ ಕಡೆ ಸಗಣಿ ನೀರು ಬೀಳುತ್ತಿತ್ತು, ಕೆಲವು ಸಲ ಪೂರ್ತಿ ದಾಟುವ ಮುಂಚೆಯೇ. ಕ್ಷೌರದವನು ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿ ಹಿಂದಿನಿಂದ ಕೈ ಬಳಸಿ ಗಡ್ಡ ತೆಗೆಯುತ್ತಿದ್ದ. ಗದ್ದದ ಗಾಯ ವಾರಪೂರ್ತಿ ಮಾಯುತ್ತಿರಲಿಲ್ಲ. ಅಮಾವಾಸ್ಯೆಗೆ ಸ್ಕೂಲಿನ ಗೇಟಿನ ಮುಂದೆಯೇ ಬೂದುಗುಂಬಳಕಾಯಿ ಒಡೆಯುತ್ತಿದ್ದರು. ಒಬ್ಬ ಅಜ್ಜಿ, ಅಮ್ಮಾಜಮ್ಮ ಅಂತ, ಅವರು ಎದುರು ಸಿಕ್ಕಾಗಲೆಲ್ಲ "ನೀ ಕಳ್ಳು ಪೇಲಾ" ಎಂದು ತೆಲುಗಿನಲ್ಲಿ ಕಣ್ಣು ಸಿಡಿಯಲೆಂದು ಹರಸಿ ಮುಂದೆ ಹೋಗುತ್ತಿದ್ದಳು. ಎದುರಿಗೆ ಹೇಳಿ ಹೋಗುವ ಸೌಜನ್ಯ ಅವಳೊಬ್ಬಳಿಗೇ ಇತ್ತು.

ಮೇಷ್ಟ್ರೇನು ಬಾಳೆಹಣ್ಣಿನ ಸ್ವಭಾವದವರಲ್ಲ. ಊರು ಕೊಟ್ಟ ಆಯುಧವನ್ನು ಊರ ಮೇಲೇ ತಿರುಗಿಸಿದರು. ಹೊಸ ಎತ್ತು ಕಟ್ಟಿದವನ ಮನೆ ಮುಂದೆ ನಿಂತು ಎತ್ತನ್ನು ನೋಡಿದರು. ಅಂಗಡಿಯವ ಉದ್ರಿ ಇಲ್ಲ ಎಂದಾಗ ಅವನ ಎಣ್ಣೆ ಡಬ್ಬವನ್ನು ನೋಡಿದರು. ಚಿಕ್ಕವೆಂಕಟಮ್ಮನ ಹಿತ್ತಲ ಸೋರೆಬಳ್ಳಿಯನ್ನಂತೂ ದಿನವೂ ಸಂಜೆ ವಾಕಿಂಗಿಗೆ ಹೋದ ಹಾಗೆ ಹೋಗಿ ನೋಡಿ ಬರುತ್ತಿದ್ದರು. ಮುಪ್ಪಾಗಿದ್ದ ಬಳ್ಳಿ ಒಣಗಿತು. ಒಣಗುವ ಕಾಲವೂ ಅದಾಗಿತ್ತು. ಆದರೆ ಅಷ್ಟು ತಾಳ್ಮೆಯಿಂದ ಲೆಕ್ಕ ಹಾಕುವವರು ಯಾರು?

ಇಂಥ ಕಣ್ಣಿಗೆ ಆ ಕಡೆ ಒಂದೇ ಮದ್ದು. ತಿನ್ನುವ ಪದಾರ್ಥದ ಮೇಲೆ ಯಾರದಾದರೂ ಕಣ್ಣು ಬಿತ್ತೋ, ಅದರಲ್ಲಿ ಒಂದು ಪಾಲು ಅವರಿಗೇ ಕೊಟ್ಟುಬಿಡಬೇಕು. ಕೊಟ್ಟರೆ ಕಣ್ಣು ತಣ್ಣಗಾಗುತ್ತದೆ. ಕೊಡದೆ ತಿಂದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಮೊದಲು ಕೊಟ್ಟವರು ರಾಮಾಂಜಿನಪ್ಪನವರೇ. ಆಲೆಮನೆಯಿಂದ ಬಿಸಿ ಬೆಲ್ಲ ಹೊರಿಸಿಕೊಂಡು ಬರುವಾಗ ಸ್ಕೂಲಿನ ಜಗಲಿಯಲ್ಲಿ ಮೇಷ್ಟ್ರು ನಿಂತಿದ್ದರು. ಕಣ್ಣು ಬೆಲ್ಲದ ಮೇಲಿತ್ತು.

"ಏನು ಮೇಷ್ಟ್ರೇ, ಹಂಗೆ ನೋಡ್ತೀರಿ?"

"ನೋಡ್ತಾ ಇಲ್ಲ. ನಿಂತಿದೀನಿ."

ಅಧ್ಯಕ್ಷರು ಒಂದು ಅಚ್ಚು ಬೆಲ್ಲ ತೆಗೆದು ಜಗಲಿ ಮೇಲಿಟ್ಟು, ತಿರುಗಿ ನೋಡದೆ ಹೋದರು. ಆ ಬೆಲ್ಲ ಯಾರಿಗೂ ಹೊಟ್ಟೆನೋವು ತರಲಿಲ್ಲ. ಸುದ್ದಿ ಊರು ಸುತ್ತಿತು. ಅವರೆಕಾಯಿ ಕಾಲ ಬಂತು; ಮೊದಲ ಬುಟ್ಟಿ ಬಿಡಿಸಿದ ಕೂಡಲೇ ಒಂದು ಬೋಗುಣಿ ಹುಳಿ, ಮೇಲೆರಡು ಮುದ್ದೆ ಸ್ಕೂಲಿನ ಮೆಟ್ಟಿಲಿಗೆ. ಎಮ್ಮೆ ಈದರೆ ಗಿಣ್ಣು. ಹಬ್ಬಕ್ಕೆ ಹೋಳಿಗೆ. ಹಾಲಂತೂ ಸ್ಟೇರಿಗೊಂದು ಸೇರು. ಹುಳ ಪೊರೆ ಬಿಟ್ಟು ಎದ್ದ ಮನೆಯವರು ಹುಳಕ್ಕೆ ಸೊಪ್ಪು ಹಾಕುವ ಮೊದಲು ಮೇಷ್ಟ್ರಿಗೆ ಅನ್ನ ಹಾಕುತ್ತಿದ್ದರು. ಹಸಿದ ಕಣ್ಣು ಹುಳದ ಕಡೆ ತಿರುಗಬಾರದಲ್ಲ! ಯಾರೂ ಪ್ರೀತಿಯಿಂದ ತರಲಿಲ್ಲ. ಮುಖ ಆ ಕಡೆ ತಿರುಗಿಸಿಕೊಂಡು ಬೋಗುಣಿ ಕುಕ್ಕುತ್ತಿದ್ದರು. ಚಿಕ್ಕವೆಂಕಟಮ್ಮನ ಸರದಿ ಬಂದಾಗ ಕುಕ್ಕುವ ಸದ್ದಿಗೆ ಒಳಗೆ ಪಾಠ ನಿಲ್ಲುತ್ತಿತ್ತು.

"ತಗೋ, ತಿನ್ನು. ತಿಂದು ಆ ಕಣ್ಣು ಮುಚ್ಚು."

"ಉಪ್ಪು ಕಮ್ಮಿ ಇತ್ತು ಹೋದ ಸಲ."

"ಹಾಕ್ತೀನಿ ಬಿಡು, ಈ ಸಲ ನಿನ್ನ ಬಾಯಿಗೇ ಹಾಕ್ತೀನಿ!"

ಹೆಡ್ಮಾಸ್ಟರ್ ಆವುಲಪ್ಪನವರು ಸಾಧು ಮನುಷ್ಯ. ಶಾಲೆಯ ಮೆಟ್ಟಿಲು ಛತ್ರದ ಪಡಸಾಲೆಯಾದದ್ದು ಅವರಿಗೆ ಮುಜುಗರ. "ಇದೆಲ್ಲ ಯಾಕ್ರೀ ತಗೋತೀರಿ? ವಾಪಸ್ ಕಳಿಸಿ" ಎಂದರು.

"ಇದು ಅವಮಾನ ಸಾರ್," ಎಂದರು ಮೇಷ್ಟ್ರು ಹೋಳಿಗೆಗೆ ತುಪ್ಪ ಸವರುತ್ತ. "ವಿಚಾರವಂತನಿಗೆ ಮೂಢರು ಮಾಡೋ ಅವಮಾನ. ವಾಪಸ್ ಕಳಿಸಿದ್ರೆ ನಾನು ಸೋತ ಹಾಗೆ. ನುಂಗಬೇಕು."

ನುಂಗಿದರು. ವರ್ಷ ಎರಡಾಯಿತು, ಮೂರು ಹತ್ತಿರ ಬಂತು. ಬಂದಾಗ ಜೋಲುತ್ತಿದ್ದ ಕೋಟಿನ ಗುಂಡಿಗಳು ಮತ್ತು ಕಾಜಗಳು ಈಗ ದೂರದಿಂದ ಒಂದನ್ನೊಂದು ಸ್ಟೇರ್ ಮಾಡುತ್ತಿದ್ದವು.

ಅರವತ್ತರ ಬೇಸಿಗೆಯಲ್ಲಿ ರಾಮಾಂಜಿನಪ್ಪನವರು ಊರಿಗೇ ಮೊದಲನೆಯದಾಗಿ ಟಯರಿನ ಗಾಡಿ ಮಾಡಿಸಿದರು. ಕಬ್ಬಿಣದ ಪಟ್ಟಿಯ ಗಡಗಡ ಇಲ್ಲದೆ ಅದು ಮೆತ್ತಗೆ ಉರುಳಿಕೊಂಡು ಸ್ಕೂಲಿನ ಮುಂದೆ ಬಂದಾಗ ಮೇಷ್ಟ್ರು ಕಿಟಕಿಯಿಂದ ನೋಡಿದರು. ಗಾಡಿಯ ಪಾಲು ಕೊಡುವುದು ಹೇಗೆ? ಮಾರನೆಯ ದಿನ ಶಿಡ್ಲಘಟ್ಟದ ಹಾದಿಯಲ್ಲಿ ಗಾಲಿ ಕೂರುವ ಇರಸು ಮುರಿದು ಗಾಡಿ ಹಳ್ಳಕ್ಕೆ ಕೂತಿತು. ಹೊರೆ ಮಿತಿಮೀರಿ ಹೇರಿದ್ದರು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ರಾಮಾಂಜಿನಪ್ಪನವರು ಅಲ್ಲಿಂದಲೇ ನಡೆದುಕೊಂಡು ಶಿಡ್ಲಘಟ್ಟಕ್ಕೆ ಹೋಗಿ, ಕಚೇರಿಯ ಮುಂದೆ ಮರದ ಕೆಳಗೆ ಕೂರುವ ಅರ್ಜಿ ಬರೆಯುವವನ ಹತ್ತಿರ ಇಂಗ್ಲಿಷಿನಲ್ಲಿ ದೂರು ಬರೆಸಿದರು. "ದುರುಗುಟ್ಟಿ ನೋಡ್ತಾನೆ ಅಂತ ಹಾಕು. ಹುಳ, ದನ, ಗಾಡಿ, ಎಲ್ಲ ಹಾಕು" ಎಂದರು. ಅರ್ಜಿಯವನು ಕಸುಬುದಾರ, ಬರೀ ಹುಳ ದನಕ್ಕೆ ಸರ್ಕಾರ ಅಲುಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಸದರಿ ಉಪಾಧ್ಯಾಯರು ಹುಳಗಳು, ಜಾನುವಾರುಗಳು ಮತ್ತು ಹೆಂಗಸರನ್ನು ಸ್ಟೇರ್ ಮಾಡುತ್ತಾರೆ ಎಂದು ಬರೆದ.

ಹೆಂಗಸರು ಎಂಬ ಪದಕ್ಕೆ ಸರ್ಕಾರ ಅಲುಗಿತು. ಮೇಷ್ಟ್ರಿಂದ ವಿವರಣೆ ಕೇಳಿದರು. ಇದ್ದ ಕೆಲಸವೇ ಹೋಗುವ ಸಮಯದಲ್ಲಿ ಬೇರೆ ಯಾರಾದರೂ ಕೈಕಾಲು ಹಿಡಿಯುತ್ತಿದ್ದರು. ಇವರು ಸ್ಟೇರ್ ಎಂಬ ಪದದ ಹುಟ್ಟು, ಬಳಗ ಮತ್ತು ನಡತೆಯ ಮೇಲೆ ಉದ್ದದ ಪ್ರಬಂಧ ಬರೆದು ಕಳಿಸಿದರು. ಸ್ಟೇರ್ ಎಂದರೆ ಮೂಲತಃ ಬಿಗಿಯಾಗುವುದು. ಬಿಗಿಯಾಗುವುದು ನೋಡುವವನ ಕಣ್ಣೇ ಹೊರತು ನೋಡಿಸಿಕೊಂಡ ಹುಳವಲ್ಲ. ಸೆಟೆದ ಹುಳಕ್ಕೂ ಸೆಟೆದ ನೋಟಕ್ಕೂ ಬೇರು ಒಂದೇ ಇರಬಹುದು, ಅದು ಭಾಷೆಯಲ್ಲಿ, ತಟ್ಟೆಯಲ್ಲಿ ಅಲ್ಲ. ಇನ್ನು ಹೆಂಗಸರ ವಿಷಯಕ್ಕೆ, ಈ ಊರಿನ ಹೆಂಗಸರು ಮುಖವನ್ನೇ ತೋರಿಸದಿರುವುದರಿಂದ ಆರೋಪಕ್ಕೆ ಆಧಾರವಿಲ್ಲ.

ಪ್ರಬಂಧ ಓದಿ ತಲೆ ಬಿಸಿಯಾದ ಸ್ಕೂಲ್ ಇನ್‌ಸ್ಪೆಕ್ಟರು ಒಂದು ಬೆಳಿಗ್ಗೆ ತಾವೇ ಬಸ್ಸಿಳಿದರು. ಕೈಯಲ್ಲಿ ಟಿಫನ್ ಕ್ಯಾರಿಯರ್. ಇನ್‌ಸ್ಪೆಕ್ಟ್ ಎಂದರೆ ಲ್ಯಾಟಿನ್ನಿನಲ್ಲಿ ಒಳಗೆ ನೋಡುವುದು. ಒಳಗೆ ನೋಡುವವರು ಬಂದು, ಬಿಗಿದು ನೋಡುವವರನ್ನು ಎದುರಿಗೆ ಕೂರಿಸಿಕೊಂಡರು. ಸುತ್ತ ಊರು ನಿಂತಿತು, ಎಲ್ಲರೂ ನೆಲ ನೋಡುತ್ತ.

ಇನ್‌ಸ್ಪೆಕ್ಟರು ಖಾದಿ ಕೋಟಿನ ವಿಚಾರವಂತರು. ಮೊದಲು ಚಿಕ್ಕವೆಂಕಟಮ್ಮನನ್ನು ಕರೆದರು.

"ಏನಮ್ಮ, ಈ ಮೇಷ್ಟ್ರು ನಿಮ್ಮನ್ನ ನೋಡಿದ್ರಾ?"

"ನನ್ನ ಯಾಕೆ ನೋಡ್ತಾನೆ ಸ್ವಾಮಿ? ನನ್ನ ಹುಳ ನೋಡ್ದ."

"ಅರ್ಜೀಲಿ ಹೆಂಗಸರನ್ನ ನೋಡ್ತಾರೆ ಅಂತಿದೆಯಲ್ಲಮ್ಮ."

"ಯಾವನು ಬರೆದೋನು?" ಅವಳು ರಾಮಾಂಜಿನಪ್ಪನವರ ಕಡೆ ತಿರುಗಿದಳು. "ಏನು ಅಧ್ಯಕ್ಷರೇ, ಊರ ಹೆಂಗಸರ ಮಾನ ಮರದ ಕೆಳಗೆ ಕೂತೋನ ಕೈಲಿ ಬರೆಸಿದ್ರಾ? ಸ್ವಾಮಿ, ಇವನು ಮೂರು ವರ್ಷದಿಂದ ನನ್ನ ಬೋಗುಣಿ ನೋಡಿದಾನೆ, ನನ್ನ ಮುಖ ನೋಡಿಲ್ಲ. ಅಷ್ಟು ಮಾತ್ರ ನಿಜ. ಆದ್ರೂ ಅವನು ಇಲ್ಲಿರ್ಬಾರ್ದು. ನನ್ನ ಹುಳ ಸೆಟೆಸಿದೋನು ಅವನೇ."

"ಕಣ್ಣಿಂದ ಹುಳ ಸಾಯುತ್ತಾ ಅಮ್ಮ? ಸ್ವಾತಂತ್ರ್ಯ ಬಂದು ಎಷ್ಟು ವರ್ಷ ಆಯ್ತು? ನಾವಿನ್ನೂ ದೃಷ್ಟಿ ಗಿಷ್ಟಿ ಅಂತ ಕೂತ್ಕೊಂಡ್ರೆ ದೇಶ ಮುಂದಕ್ಕೆ ಹೋಗುತ್ತಾ?" ಇನ್‌ಸ್ಪೆಕ್ಟರು ಹೀಗೆ ಶುರುಮಾಡಿ ಮಧ್ಯಾಹ್ನದವರೆಗೆ ಮಾತಾಡಿದರು. ಭಾಷಣ ಚೆನ್ನಾಗಿತ್ತು. ಊರವರ ಮುಖ ಸಣ್ಣಗಾಯಿತು. ದೂರು ಬಿದ್ದು ಹೋಗುವುದರಲ್ಲಿತ್ತು. ಮೇಷ್ಟ್ರ ಮುಖದಲ್ಲಿ ಗೆದ್ದ ಕಳೆ.

ಅಷ್ಟರಲ್ಲಿ ಹಸಿವಾಯಿತು. ಇನ್‌ಸ್ಪೆಕ್ಟರು ಅಲ್ಲೇ ಮೇಜಿನ ಮೇಲೆ ಟಿಫನ್ ಕ್ಯಾರಿಯರ್ ಬಿಚ್ಚಿದರು. ಮೇಲಿನ ಡಬ್ಬಿಯಲ್ಲಿ ಮೆಂತ್ಯದ ಚಪಾತಿ, ಕೆಳಗಿನದರಲ್ಲಿ ಬದನೆಕಾಯಿ ಎಣ್ಣೆಗಾಯಿ. ಚಪಾತಿ ಮುರಿದು ಎಣ್ಣೆಗಾಯಿಗೆ ಅದ್ದಿ ಬಾಯಿಯ ಹತ್ತಿರ ತಂದವರು ತಲೆ ಎತ್ತಿದರು. ಎದುರಿಗೆ ಹನುಮಂತರಾಯಪ್ಪನವರು. ಮಿಟುಕದ ಕಣ್ಣು.

ತುತ್ತು ಅಲ್ಲೇ ನಿಂತಿತು. ಇನ್‌ಸ್ಪೆಕ್ಟರು ಕಿಟಕಿಯ ಕಡೆ ನೋಡಿದರು, ಮೇಲೆ ಹೆಂಚು ನೋಡಿದರು, ಮತ್ತೆ ಇಳಿದು ಬಂದಾಗ ಆ ಕಣ್ಣುಗಳು ಇದ್ದಲ್ಲೇ ಇದ್ದವು. ಬೆಳಗಿನಿಂದ ಮಾತಾಡಿದ ಬಾಯಿ ಒಣಗಿತು. ಕೈ ತಾನಾಗಿಯೇ ಡಬ್ಬಿಗೆ ಹೋಯಿತು. ಒಂದು ಪೂರ್ತಿ ಚಪಾತಿಯ ಮೇಲೆ ಎರಡು ಬದನೆಕಾಯಿ ಇಟ್ಟು ಮುಂದೆ ಚಾಚಿತು.

"ತಗೊಳ್ಳಿ. ಸುಮ್ನೆ. ಜಾಸ್ತಿ ಇದೆ."

"ಕೊಟ್ರು!" ಎಂದು ಕಿರುಚಿದಳು ಚಿಕ್ಕವೆಂಕಟಮ್ಮ. "ನೋಡಿದ್ರಾ ಎಲ್ಲಾರೂ? ಸ್ವಾಮಿಯೋರೇ ಕೊಟ್ರು! ಸರ್ಕಾರಾನೇ ಪಾಲು ಕೊಡ್ತು!"

ಊರು ಗೊಳ್ಳೆಂದಿತು. ಮೂರು ವರ್ಷದಲ್ಲಿ ಆ ಊರು ಮೇಷ್ಟ್ರ ಎದುರು ನಕ್ಕದ್ದು ಅದೇ ಮೊದಲು. ಅದೂ ಮೇಷ್ಟ್ರನ್ನು ನೋಡಿ ನಕ್ಕದ್ದಲ್ಲ. ಇನ್‌ಸ್ಪೆಕ್ಟರ ಕಿವಿ ಕೆಂಪಗಾಯಿತು. ಉಳಿದ ಚಪಾತಿಯನ್ನು ಮುಟ್ಟದೆ ಕ್ಯಾರಿಯರ್ ಮುಚ್ಚಿದರು. ಮೇಷ್ಟ್ರು ಮಾತ್ರ ತಮ್ಮ ಪಾಲನ್ನು ಮುಗಿಸಿ ಬೆರಳು ಒರೆಸಿಕೊಂಡರು.

"ಆವುಲಪ್ಪನವರೇ, ಬರ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರು ಒರಟಾಗಿ. "ಹೆಂಗಸರ ವಿಷಯ ಸುಳ್ಳು. ಆದ್ರೆ ಊರಿಗೂ ಈ ಮನುಷ್ಯರಿಗೂ ಆಗ್ಬರಲ್ಲ. ಗೌರಿಬಿದನೂರು ಟೌನಿನಲ್ಲಿ ಒಂದು ಜಾಗ ಖಾಲಿ ಇದೆ, ಅಲ್ಲಿಗೆ ಹಾಕ್ತೀನಿ."

ಜನರಲ್ಲಿ ಒಂದು ಉಸಿರು ಎದ್ದಿತು. ರಾಮಾಂಜಿನಪ್ಪನವರು ಕೈ ಮುಗಿದೇಬಿಟ್ಟರು. ಅಮ್ಮಾಜಮ್ಮ ದೇವರಿಗೆ ಕಾಯಿ ಹರಸಿಕೊಂಡಳು.

"ನಾನು ಹೋಗಲ್ಲ ಸಾರ್," ಎಂದರು ಹನುಮಂತರಾಯಪ್ಪನವರು.

"ಏನಂದ್ರಿ?"

"ಹೋಗಲ್ಲ. ತಪ್ಪಿಲ್ಲ ಅಂತ ನೀವೇ ಬರೆಸಿದ್ರಿ. ತಪ್ಪಿಲ್ಲದೋನನ್ನ ಯಾಕೆ ಕಳಿಸ್ತೀರಿ? ಮೇಲಿನವರಿಗೆ ಬರೀತೀನಿ."

ಇನ್ನೊಂದು ಪ್ರಬಂಧದ ನೆನಪಿಗೇ ಇನ್‌ಸ್ಪೆಕ್ಟರು ಹಣೆ ಒತ್ತಿಕೊಂಡರು. ಆಮೇಲೆ ಅವರ ದನಿ ಬದಲಾಯಿತು. ತಾವು ಒಂದು ಚಪಾತಿಗೆ ಸೋತ ಕಡೆ ಈ ಮನುಷ್ಯ ಮೂರು ವರ್ಷ ಒಬ್ಬನೇ ಬಗ್ಗದೆ ನಿಂತಿದ್ದಾನಲ್ಲ ಎಂದು ಅವರಿಗೆ ಅನ್ನಿಸಿರಬೇಕು.

"ಕೂತ್ಕೊಳ್ಳಿ ಹನುಮಂತರಾಯಪ್ಪನವರೇ. ಒಂದೇ ಪ್ರಶ್ನೆ ಕೇಳ್ತೀನಿ. ಸರಿಯಾದ ಕಾರಣ ಕೊಟ್ರೆ ಈ ವರ್ಗಾನ ಇಲ್ಲೇ ಹರಿದು ಹಾಕ್ತೀನಿ. ಗೌರಿಬಿದನೂರು ನಿಮ್ಮ ಸೀಮೆ. ರೈಲಿದೆ, ಕರೆಂಟಿದೆ, ಓದ್ಕೊಂಡಿರೋ ಜನ ಇದಾರೆ. ಇಲ್ಲಿ ನಿಮಗೆ ಏನಿದೆ? ಮುರಿದ ಬೆಂಚಿನ ಕೋಣೆ. ಬೀದಿಗೆ ಬಂದ್ರೆ ಸಗಣಿ ನೀರು. ಒಬ್ಬರು ಮುಖ ಕೊಟ್ಟು ಮಾತಾಡಲ್ಲ. ಇವರ ಮೂಢನಂಬಿಕೆ ಬಿಡಿಸ್ತೀನಿ ಅಂತ ಹಟವೋ, ಸತ್ಯಕ್ಕೆ ನಿಲ್ಲಬೇಕು ಅಂತಲೋ? ಮನಸ್ಸಲ್ಲಿರೋದು ಹೇಳಿ. ಇಷ್ಟೆಲ್ಲ ಅನುಭವಿಸಿಯೂ ಇಲ್ಲೇ ಇರ್ತೀನಿ ಅಂತೀರಲ್ಲ, ಯಾಕೆ?"

ಆವುಲಪ್ಪನವರು ಬರೆದುಕೊಳ್ಳಲು ಪೆನ್ನಿನ ಕ್ಯಾಪು ತೆಗೆದರು. ಊರು ಮೊದಲ ಸಲ ತಲೆ ಎತ್ತಿ ಮೇಷ್ಟ್ರ ಮುಖವನ್ನೇ ನೋಡಿತು. ಅಷ್ಟು ಜೋಡಿ ಕಣ್ಣು ಒಟ್ಟಿಗೆ ಬಿದ್ದಾಗ ಅವರ ರೆಪ್ಪೆ ಪಟಪಟ ಬಡಿಯಿತು. ಕೋಟು ಎಳೆದುಕೊಂಡರು.

"ಅಲ್ಲಿ ನಾನೇ ಅಡುಗೆ ಮಾಡ್ಕೋಬೇಕು ಸಾರ್."